ಹಬ್ಬದ ರಜೆಯಲ್ಲಿ ಮಕ್ಕಳಿಗೆ ಏನನ್ನು ಓದಿ ಹೇಳಬೇಕು? ಮಲೆನಾಡಿನ ಮನೆಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಹಬ್ಬದ ರಜೆಯಲ್ಲಿ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಏನಾದರೂ ಓದಿ ಹೇಳಬೇಕೆಂದು ಮನಸ್ಸು ಮಾಡುವವರು ಸಾಮಾನ್ಯವಾಗಿ ಮೊದಲು ಪುಸ್ತಕವನ್ನು ಹುಡುಕುತ್ತಾರೆ. ಶಿವಮೊಗ್ಗದ ಪೇಟೆಯಲ್ಲಿ ಹಬ್ಬದ ಬಟ್ಟೆ, ಪಟಾಕಿಗಳ ಜೊತೆಗೆ ನಾಲ್ಕಾರು ಪುಸ್ತಕಗಳೂ ಚೀಲ ಸೇರುತ್ತವೆ. ಊರಿನ ಮನೆಯ ಜಗಲಿಯ ಕಿಟಕಿಯ ಮೇಲೆ ಅವು ಹಬ್ಬ ಮುಗಿಯುವವರೆಗೆ ಕುಳಿತಿದ್ದು, ಬಂದ ಚೀಲದಲ್ಲಿಯೇ ಹಿಂದಿರುಗುತ್ತವೆ. ಇದರಲ್ಲಿ ಪುಸ್ತಕದ ತಪ್ಪೇನೂ ಇರುವುದಿಲ್ಲ. ಹಬ್ಬದ ಮನೆಯಲ್ಲಿ ಓದಿಗೆ ಯಾವ ಹೊತ್ತು ಸಿಗುತ್ತದೆ, ಆ ಹೊತ್ತಿನಲ್ಲಿ ಕೈ ಬಿಡುವಾಗಿ ಕೂರಬಲ್ಲವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ಯಾವ ಪುಸ್ತಕ ಎಂಬ ಪ್ರಶ್ನೆಗೆ ಅರ್ಥ ಬರುತ್ತದೆ ಎಂಬುದು ಈ ಬರಹದ ನಿಲುವು.

ಹೋಲಿಕೆಗೆ ಎದುರಿಗಿಟ್ಟುಕೊಂಡಿರುವುದು ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯ ಒಂದು ಸಾಧಾರಣ ಮನೆಯನ್ನು. ಅಜ್ಜ, ಅಜ್ಜಿ ಊರಿನಲ್ಲಿದ್ದಾರೆ. ಮಕ್ಕಳು, ಸೊಸೆಯಂದಿರು ಕೆಲವರು ಅಲ್ಲಿಯೇ ತೋಟ ನೋಡಿಕೊಂಡಿದ್ದಾರೆ, ಕೆಲವರು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿದ್ದಾರೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಮೂರು ವರ್ಷದ ಕೂಸಿನಿಂದ ಹಿಡಿದು ಹೈಸ್ಕೂಲಿಗೆ ಹೋಗುವವರವರೆಗೆ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯರ ಮಕ್ಕಳೆಲ್ಲ ಒಂದೇ ಜಗಲಿಯಲ್ಲಿರುತ್ತಾರೆ. ಒಂದೋ ಎರಡೋ ಮಕ್ಕಳಿರುವ ಮನೆಗೆಂದು ಬರೆದ ಸಲಹೆಗಳು ಈ ಜಗಲಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇಂಥ ಮನೆಯ ಮುಂದಿರುವ ಆಯ್ಕೆಗಳೆಂದರೆ ಹಳಗಾಲದ ಕಾವ್ಯವಾಚನ, ಜನಪದ ಕಥೆ ಮತ್ತು ಕಥನ ಪದ್ಯಗಳು, ಹಲವು ದಿನ ಎಳೆದುಕೊಂಡು ಹೋಗಬಹುದಾದ ಗದ್ಯ, ಪುಟ್ಟ ಮಕ್ಕಳ ಚಿತ್ರಪುಸ್ತಕ, ಮತ್ತು ಯಾರೋ ಓದಿ ಧ್ವನಿಮುದ್ರಿಸಿಟ್ಟ ಕಥೆ.

ಕಾವ್ಯವಾಚನ: ಮನೆಯಲ್ಲಿ ದನಿಯಿದ್ದರೆ ಮೊದಲ ಆಯ್ಕೆ

ಶಿವಮೊಗ್ಗದಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ತುಂಗೆಯ ಒಂದು ದಡದಲ್ಲಿ ಮತ್ತೂರು, ಇನ್ನೊಂದು ದಡದಲ್ಲಿ ಹೊಸಹಳ್ಳಿ ಇವೆ. ಮತ್ತೂರಿಗೆ ಸಂಸ್ಕೃತದಿಂದ ಹೆಸರು ಬಂದಂತೆ ಹೊಸಹಳ್ಳಿಗೆ ಗಮಕದಿಂದ ಹೆಸರು ಬಂದಿದೆ. 2022ರಲ್ಲಿ ಪದ್ಮಶ್ರೀ ಪುರಸ್ಕಾರ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರು ಆ ಊರಿನವರು. ಗಮಕದಲ್ಲಿ ಸಾಮಾನ್ಯವಾಗಿ ಇಬ್ಬರಿರುತ್ತಾರೆ: ಒಬ್ಬರು ಪದ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಮನೆಯ ಓದಿಗೆ ಈ ಏರ್ಪಾಡು ಹೇಳಿ ಮಾಡಿಸಿದಂತಿದೆ. ಮಕ್ಕಳಿಗೆ ಪದ್ಯದ ಅರ್ಧ ಮಾತುಗಳು ತಿಳಿಯದಿದ್ದರೂ, ಈಗ ಅಜ್ಜ ಹಾಡಿದ್ದು ಏನೆಂಬುದನ್ನು ಮರುಗಳಿಗೆಯಲ್ಲಿ ಅತ್ತೆ ಹೇಳುತ್ತಾಳೆಂಬ ಭರವಸೆಯಿರುತ್ತದೆ. ತಿಳಿಯದ ಮಾತನ್ನು ಕಾಯುತ್ತಾ ಕೇಳುವುದಕ್ಕೂ ಒಂದು ಸುಖವಿದೆ.

ರಾಗ ಬಾರದವರು ಕೈಬಿಡಬೇಕಾಗಿಲ್ಲ, ಆದರೆ ಲಯ ಮಾತ್ರ ಬೇಕೇಬೇಕು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಸಣ್ಣ ಸಾಲುಗಳು ಮೂರು ನಾಲ್ಕು ಮೂರು ನಾಲ್ಕು ಎಂದು 14 ಮಾತ್ರೆಗಳಲ್ಲಿ ನಡೆಯುತ್ತವೆ. ಮೂರನೆಯ ಮತ್ತು ಆರನೆಯ ಸಾಲುಗಳು ಅದೇ ನಡೆಯನ್ನು ಇನ್ನಷ್ಟು ಮುಂದಕ್ಕೊಯ್ದು ಒಂದು ಗುರುವಿನ ಮೇಲೆ ನಿಲ್ಲುತ್ತವೆ. ತೊಡೆಯ ಮೇಲೆ ಕೈತಟ್ಟಿಕೊಂಡು ಓದಿದರೂ ಮಕ್ಕಳು ಎರಡನೆಯ ದಿನಕ್ಕೆ ತಾವೂ ತಟ್ಟಲು ತೊಡಗುತ್ತಾರೆ. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿ ಐದೈದು ಮಾತ್ರೆಗಳ ನಡೆಯದು, ಸಾಲುಗಳು ಉದ್ದ, ಸಮಾಸಗಳು ಹೆಚ್ಚು. ಹೊಸದಾಗಿ ಓದುವವರ ಉಸಿರು ಅಲ್ಲಿ ಸಾಲದಾಗುತ್ತದೆ. ಕಡೂರು ತಾಲ್ಲೂಕಿನ ದೇವನೂರಿನ ಕವಿಯೆಂಬ ಅಭಿಮಾನ ನಮ್ಮ ಕಡೆಯವರಿಗೆ ಇದ್ದದ್ದೇ, ಆದರೂ ಮೊದಲ ವರ್ಷಕ್ಕೆ ನಾನು ಕುಮಾರವ್ಯಾಸನ ಗದುಗಿನ ಭಾರತವನ್ನೇ ಆರಿಸುತ್ತೇನೆ.

ಯಾವ ಭಾಗ ಎಂಬ ಪ್ರಶ್ನೆಗೆ ನನ್ನ ಉತ್ತರ ವಿರಾಟಪರ್ವದ ಉತ್ತರ ಗೋಗ್ರಹಣ. ಹೆಂಗಳೆಯರ ಮುಂದೆ ಕೊಚ್ಚಿಕೊಂಡ ಉತ್ತರಕುಮಾರ ಕೌರವರ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವುದು, ಬೃಹನ್ನಳೆ ಬೆನ್ನಟ್ಟಿ ಅವನನ್ನು ಎಳೆದು ತರುವುದು, ಇವೆಲ್ಲ ಐದು ವರ್ಷದವರಿಂದ ಹಿಡಿದು ಎಲ್ಲರಿಗೂ ನಗು ತರಿಸುತ್ತವೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಬಾಯಲ್ಲಿ ಆಡುತ್ತಿದ್ದ ಮಕ್ಕಳಿಗೆ ಆ ಉತ್ತರ ಯಾರೆಂಬುದು ತಿಳಿಯುವುದೂ ಒಂದು ಲಾಭ. ವಿರಾಟಪರ್ವ ಓದಿಸಿದರೆ ಮಳೆಯಾಗುತ್ತದೆಂಬ ನಂಬಿಕೆ ಬಯಲುಸೀಮೆಯ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಮುತ್ತಲಿನವರು ಶ್ರಾವಣದಲ್ಲಿ ಅದನ್ನು ಓದುವ ಮೊದಲು ಒಮ್ಮೆ ಯೋಚಿಸುವುದು ಒಳ್ಳೆಯದೇನೋ. ಜೈಮಿನಿಯಿಂದ ಒಂದು ಕಥೆ ಬೇಕೇಬೇಕೆನ್ನುವವರು ಚಂದ್ರಹಾಸನ ಕಥೆಯನ್ನು ಹಿಡಿಯಬಹುದು. ಪತ್ರದಲ್ಲಿನ ‘ವಿಷ’ವನ್ನು ವಿಷಯೆ ಒಂದಕ್ಷರ ತಿದ್ದಿ ತನ್ನ ಹೆಸರಾಗಿಸಿ ಅವನ ಜೀವ ಉಳಿಸುವ ಸಂದರ್ಭ, ಆಗತಾನೇ ಕಾಗುಣಿತ ಕಲಿತ ಮಕ್ಕಳನ್ನು ಹಿಡಿದು ಕೂರಿಸುತ್ತದೆ. ಸೀತಾ ಪರಿತ್ಯಾಗವನ್ನು ಹಬ್ಬದ ದಿನಗಳಲ್ಲಿ ಮಕ್ಕಳ ಮುಂದೆ ತೆಗೆಯಬಾರದು.

ಒಂದು ಕೂತಕ್ಕೆ ಹತ್ತು ಹನ್ನೆರಡು ಪದ್ಯಗಳಿಗಿಂತ ಹೆಚ್ಚು ಬೇಡ. ವ್ಯಾಖ್ಯಾನ ಸೇರಿ ಅಷ್ಟಕ್ಕೇ ಅರ್ಧ ಗಂಟೆ ಹಿಡಿಯುತ್ತದೆ. ಮನೆಯಲ್ಲಿ ದನಿಯೂ ಇಲ್ಲ, ಅರ್ಥ ಹೇಳುವ ತಾಳ್ಮೆಯೂ ಇಲ್ಲವೆಂದಾದರೆ ಈ ಆಯ್ಕೆಯನ್ನು ಗೌರವದಿಂದ ಬದಿಗಿಡುವುದೇ ಸರಿ. ಕಾವ್ಯವನ್ನು ಪಾಠದಂತೆ ಒಪ್ಪಿಸಿದರೆ ಮಕ್ಕಳು ಅದರಿಂದ ಮುಂದಿನ ಹತ್ತು ವರ್ಷ ದೂರವಿರುತ್ತಾರೆ.

ಜನಪದ ಕಥೆ ಮತ್ತು ಕಥನ ಪದ್ಯ

ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕಡೆ ಕುಳಿತಾಗ ಇದರಷ್ಟು ನಂಬಿಕೆಯ ಆಯ್ಕೆ ಇನ್ನೊಂದಿಲ್ಲ. ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಎಲ್ಲರೂ ಕೇಳಿಯೇ ಇರುತ್ತಾರೆ. ಮಳೆಗೆ ಮನೆ ಕರಗಿಹೋದ ಕಾಗಕ್ಕ ಗುಬ್ಬಕ್ಕನ ಬಾಗಿಲು ತಟ್ಟುವಾಗ, ಒಳಗಿನಿಂದ ಗುಬ್ಬಕ್ಕ ಒಂದೊಂದೇ ನೆಪ ಹೇಳುವಾಗ, ಚಿಕ್ಕವರು ಮುಂದಿನ ಮಾತನ್ನು ತಾವೇ ಕೂಗಿ ಹೇಳುತ್ತಾರೆ, ದೊಡ್ಡವರು ಕೇಳಿಸಿಕೊಳ್ಳದವರಂತೆ ಕೇಳುತ್ತಿರುತ್ತಾರೆ. ಇಂಥ ಕಥೆಗಳನ್ನು ಹೇಳಬಲ್ಲ ಅಜ್ಜಿ ಮನೆಯಲ್ಲಿದ್ದರೆ ಪುಸ್ತಕವನ್ನು ಮುಚ್ಚಿಡಿ. ಅಜ್ಜಿಯ ಕಥೆಯ ಎದುರು ಅಚ್ಚಾದ ಕಥೆ ಯಾವತ್ತೂ ಸಪ್ಪೆ. ಪುಸ್ತಕ ಬೇಕಾಗುವುದು ಅಜ್ಜಿಯ ನೆನಪು ಮಸುಕಾಗಿರುವ ಮನೆಗೆ, ಅಥವಾ ಕಥೆ ಹೇಳುವ ರೂಢಿಯೇ ಒಂದು ತಲೆಮಾರಿನ ಹಿಂದೆ ತಪ್ಪಿಹೋದ ಮನೆಗೆ.

ಮನೆಮಾತು ಬೇರೆಯಿರುವವರ ವಿಷಯವನ್ನೂ ಇಲ್ಲಿ ಹೇಳಬೇಕು. ಮಲೆನಾಡಿನಲ್ಲಿ ಹವಿಗನ್ನಡ, ತುಳು, ಕೊಂಕಣಿ, ಉರ್ದು ಮಾತಾಡುವ ಮನೆಗಳು ಬೇಕಾದಷ್ಟಿವೆ. ಅಲ್ಲಿ ಪುಸ್ತಕದ ಕನ್ನಡದಲ್ಲಿ ಕಥನವನ್ನು ಓದಿ, ಪಾತ್ರಗಳ ಮಾತು ಬಂದಾಗ ಮನೆಮಾತಿಗೆ ಹೊರಳಿಸಿಕೊಳ್ಳುವುದು ಸುಲಭವೂ ಹೌದು, ಮಕ್ಕಳಿಗೆ ಇಷ್ಟವೂ ಹೌದು. ಹುಲಿ ಶಿಷ್ಟ ಕನ್ನಡದಲ್ಲಿ ಗದರಿಸಿದರೆ ಯಾವ ಮಗುವೂ ಹೆದರುವುದಿಲ್ಲ.

ಕಥನ ಪದ್ಯಗಳಲ್ಲಿ ಎರಡನ್ನು ಎದುರುಬದುರಾಗಿ ಇಟ್ಟು ನೋಡಬಹುದು. ಒಂದು ಪುಣ್ಯಕೋಟಿಯ ಗೋವಿನ ಹಾಡು, ಇನ್ನೊಂದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಬಲಿಪಾಡ್ಯಮಿಯ ದಿನ ದನಗಳ ಮೈತೊಳೆದು, ಕೊರಳಿಗೆ ಅಡಿಕೆ ಚೆಂಡುಹೂಗಳ ಮಾಲೆ ಕಟ್ಟಿ ಗೋಪೂಜೆ ಮಾಡುವ ಮನೆಯಲ್ಲಿ ಗೋವಿನ ಹಾಡಿಗಿಂತ ಹೊಂದುವ ಓದು ಬೇರೆ ಇರಲಾರದು. ಆದರೆ ಅದು ಅಳಿಸುವ ಹಾಡು. ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವ ಸಾಲುಗಳಲ್ಲಿ ಓದುವವರ ಗಂಟಲೇ ಕಟ್ಟುತ್ತದೆ, ಕೊನೆಗೆ ಹುಲಿ ಪ್ರಾಣ ಬಿಡುತ್ತದೆ. ನಾಲ್ಕೈದು ವರ್ಷದ ಕೆಲವು ಮಕ್ಕಳಿಗೆ ಹಸು ಉಳಿದ ಸಂತೋಷಕ್ಕಿಂತ ಹುಲಿ ಸತ್ತ ದುಃಖವೇ ದೊಡ್ಡದಾಗುತ್ತದೆ. ಹಾಗೆಂದು ಕೊನೆಯನ್ನು ತಿದ್ದಿ ಓದುವುದು ನನಗೆ ಸರಿಕಾಣುವುದಿಲ್ಲ. ಅಂಥ ಮಗುವಿರುವ ವರ್ಷ ಬೇರೊಂದನ್ನು ಓದಿದರಾಯಿತು.

ಕಿಂದರಿಜೋಗಿ ಇಂಗ್ಲಿಷಿನ ಕವಿ ಬ್ರೌನಿಂಗನ ಕಥನ ಪದ್ಯವನ್ನು ಆಧರಿಸಿದ್ದಾದರೂ, ಕುವೆಂಪು ಅದನ್ನು ತುಂಗಾತೀರಕ್ಕೆ ತಂದು ಕೂರಿಸಿದ ಮೇಲೆ ಅದು ಹೊರಗಿನದೆಂದು ಯಾರಿಗೂ ಅನ್ನಿಸಿಲ್ಲ. ಇಲಿಗಳ ಪಟ್ಟಿ ಬರುವಲ್ಲಿ ಓದುವವರು ವೇಗ ಹೆಚ್ಚಿಸಿದಷ್ಟೂ ಮಕ್ಕಳು ಮುಂದಕ್ಕೆ ಜರುಗುತ್ತಾರೆ. ಗೌಡ, ಜೋಗಿ, ಊರವರು ಎಂದು ಪಾತ್ರ ಹಂಚಿಕೊಳ್ಳಬಹುದು. ಇಡೀ ಪದ್ಯ ಒಂದು ಕೂತದಲ್ಲಿ ಮುಗಿಯುತ್ತದೆ. ಮಾತು ತಪ್ಪಿದ್ದಕ್ಕೆ ಊರಿನ ಮಕ್ಕಳೆಲ್ಲ ಬೆಟ್ಟದೊಳಗೆ ಹೋಗಿಬಿಡುವ ಕೊನೆ ಇಲ್ಲಿಯೂ ಸುಲಭದ್ದಲ್ಲ, ಆದರೆ ಮಕ್ಕಳಿಗೆ ಇದು ಅಳು ತರುವುದಕ್ಕಿಂತ ಜಗಳ ತರುತ್ತದೆ: ಜೋಗಿ ಮಾಡಿದ್ದು ಸರಿಯೋ ತಪ್ಪೋ ಎಂದು ಹಾಸಿಗೆಗೆ ಹೋಗುವವರೆಗೂ ವಾದ ನಡೆಯುತ್ತದೆ. ಎರಡರಲ್ಲಿ ಒಂದನ್ನು ಪ್ರತಿವರ್ಷ ಓದುವ ಪದ್ಧತಿಗೆ ಆರಿಸಬೇಕೆಂದರೆ ನಾನು ಕಿಂದರಿಜೋಗಿಯ ಕಡೆ. ಪಂಜೆ ಮಂಗೇಶರಾಯರ, ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು ಚಿಕ್ಕವರಿಗೆ ಹೇಳಿ ಮಾಡಿಸಿದಂಥವು, ಆದರೆ ಎರಡು ನಿಮಿಷದಲ್ಲಿ ಮುಗಿಯುವಂಥವು. ಅವು ಓದಿನ ಮೊದಲು ಮಕ್ಕಳನ್ನು ಕಲೆಹಾಕಲು ಒದಗುತ್ತವೆ.

ದಿನಗಟ್ಟಲೆ ಸಾಗುವ ಗದ್ಯ

ಎಂಟೊಂಬತ್ತು ವರ್ಷ ದಾಟಿದ ಮಕ್ಕಳಿಗೆ ಇದು ಎಲ್ಲಕ್ಕಿಂತ ರುಚಿಸುವ ಓದು, ಚಿಕ್ಕವರಿಗೆ ಎಲ್ಲಕ್ಕಿಂತ ಬೇಸರದ್ದು. ಆದ್ದರಿಂದ ಇದನ್ನು ಆರಿಸುವವರು ಚಿಕ್ಕವರು ಮಲಗಿದ ಮೇಲಿನ ಹೊತ್ತನ್ನೇ ಹುಡುಕಬೇಕು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಷ್ಟು ಹಳೆಯದು, ವಾಕ್ಯಗಳು ಅಲ್ಲಲ್ಲಿ ಸಂಸ್ಕೃತದ ಭಾರದಿಂದ ಬಾಗುತ್ತವೆ. ಆದರೂ ‘ಅಜ್ಜಯ್ಯನ ಅಭ್ಯಂಜನ’ದಂಥ ಒಂದು ಪ್ರಬಂಧವನ್ನು ನರಕ ಚತುರ್ದಶಿಯ ಎಣ್ಣೆಸ್ನಾನ ಮುಗಿದ ಮಧ್ಯಾಹ್ನ ಓದಿದರೆ, ಬಚ್ಚಲ ಹಂಡೆಯ ಹೊಗೆ ಇನ್ನೂ ತಲೆಗೂದಲಲ್ಲಿರುವ ಮಕ್ಕಳಿಗೆ ವಿವರಣೆ ಬೇಕಾಗುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಓದುವವರಿಗೆ ಇದಕ್ಕಿಂತ ಹಗುರ. ಮಾತು ಇಂದಿನದು, ತೋಟ ಕಾಡುಗಳು ನಮ್ಮವು, ಅವರ ‘ಕಿವಿ’ ಎಂಬ ಹೆಸರಿನ ನಾಯಿ ಮಕ್ಕಳಿಗೆ ಮೊದಲ ದಿನವೇ ಗೆಳೆಯನಾಗುತ್ತದೆ. ಶಿಕಾರಿಯ ಸಂಗತಿಗಳು ಅಲ್ಲಲ್ಲಿ ಬರುತ್ತವೆ. ಪೇಟೆಯಲ್ಲಿ ಬೆಳೆದ ಮಕ್ಕಳು ಅದರ ಬಗ್ಗೆ ಪ್ರಶ್ನೆ ಎತ್ತುತ್ತಾರೆ, ಅಜ್ಜಂದಿರು ಉತ್ತರ ಕೊಡಲು ಸಿದ್ಧರಿರಬೇಕು. ಎರಡರಲ್ಲಿ ಓದುಗರಿಗೆ ಅಭ್ಯಾಸ ಕಡಿಮೆಯಿದ್ದರೆ ತೇಜಸ್ವಿ, ಮನೆಯಲ್ಲಿ ನಿಧಾನವಾಗಿ ಸವಿದು ಓದುವವರಿದ್ದರೆ ಕುವೆಂಪು ಎಂಬುದು ನನ್ನ ಲೆಕ್ಕ.

ಅಟ್ಟದಲ್ಲಿ ಹಳೆಯ ‘ಚಂದಮಾಮ’ದ ಕಟ್ಟುಗಳಿರುವ ಮನೆಗಳು ಇನ್ನೂ ಇವೆ. 1949ರಲ್ಲಿ ಕನ್ನಡದಲ್ಲಿ ಆರಂಭವಾದ ಆ ಪತ್ರಿಕೆಯ ಬೇತಾಳ ಕಥೆಗಳು ಗಟ್ಟಿಯಾಗಿ ಓದುವುದಕ್ಕೆಂದೇ ಕಟ್ಟಿದಂತಿವೆ. ಪ್ರತಿ ಕಥೆಯೂ ಒಂದು ಪ್ರಶ್ನೆಯ ಮೇಲೆ ನಿಲ್ಲುವುದರಿಂದ, ವಿಕ್ರಮ ಬಾಯಿ ಬಿಡುವ ಮೊದಲು ಪುಸ್ತಕ ಮಡಿಚಿ ಮಕ್ಕಳ ಉತ್ತರ ಕೇಳಬಹುದು. ಅಕ್ಷರ ಸಣ್ಣದು, ಕಾಗದ ಹುಳು ತಿಂದಿರಬಹುದು, ಕೆಲವು ಕಥೆಗಳಲ್ಲಿ ಕುರೂಪ, ಬಡತನಗಳ ಬಗ್ಗೆ ಇಂದು ಒಪ್ಪಲಾಗದ ಮಾತುಗಳೂ ಇರುತ್ತವೆ. ದೊಡ್ಡವರು ಮೊದಲು ಒಮ್ಮೆ ಕಣ್ಣಾಡಿಸಿಕೊಂಡು ಕೂರುವುದು ಮೇಲು.

ಚಿತ್ರಪುಸ್ತಕ ಮತ್ತು ಧ್ವನಿಮುದ್ರಣ

ಚಿತ್ರಪುಸ್ತಕ ತೊಡೆಯ ಮೇಲಿನ ಮಗುವಿಗೆ. ಅಕ್ಕಪಕ್ಕ ಇನ್ನಿಬ್ಬರಿಗೆ ಚಿತ್ರ ಕಂಡೀತು, ಆರನೆಯ ಮಗು ಬಂದೊಡನೆ ತಳ್ಳಾಟ ಶುರುವಾಗುತ್ತದೆ. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ ಉಚಿತವಾಗಿ ಸಿಗುತ್ತವೆ. ಬೇಕಾದ್ದನ್ನು ಶಿವಮೊಗ್ಗದಲ್ಲಿಯೇ ಮುದ್ರಿಸಿಕೊಂಡು ಹೋಗುವುದು ಒಳ್ಳೆಯದು. ಊರಿನಲ್ಲಿ ನೆಟ್‌ವರ್ಕ್ ಗುಡ್ಡದ ಮೇಲಿನ ಒಂದು ಮರದ ಬುಡದಲ್ಲಿ ಮಾತ್ರ ಸಿಗುವ ಮನೆಗಳ ಮಾತು ಹಾಗಿರಲಿ, ಓದಿಗೆಂದು ಕೈಗೆ ಬಂದ ಮೊಬೈಲು ಓದಿಗೆಂದೇ ಉಳಿಯುವುದು ಅಪರೂಪ. ಕಾಮಿಕ್ಸ್ ಪುಸ್ತಕಗಳನ್ನು ಗಟ್ಟಿಯಾಗಿ ಓದಲು ಹೋಗಬೇಡಿ; ಅರ್ಧ ಕಥೆಯನ್ನು ಚಿತ್ರವೇ ಹೇಳುವುದರಿಂದ ಕಿವಿಗೆ ಬೀಳುವುದು ತುಂಡು ಮಾತುಗಳು ಮಾತ್ರ. ಅವನ್ನು ಮಕ್ಕಳು ತಾವೇ ಮೂಲೆ ಹಿಡಿದು ಓದಿಕೊಳ್ಳಲಿ.

ಧ್ವನಿಮುದ್ರಿತ ಕಥೆಗೆ ಒಂದು ಅನುಕೂಲವಿದೆ: ಪೊರೆ ಬಂದ ಕಣ್ಣಿನ ಅಜ್ಜನೂ ಮೊಮ್ಮಗನೂ ಸಮಾನರಾಗಿ ಕೇಳಬಹುದು, ಒಳ್ಳೆಯ ಗಮಕಿಯ ದನಿಯೂ ಮನೆಗೆ ಬಂದಂತಾಗುತ್ತದೆ. ಆದರೆ ಮಗು ನಡುವೆ ಪ್ರಶ್ನೆ ಕೇಳಿದರೆ ಆ ದನಿ ನಿಲ್ಲುವುದಿಲ್ಲ. ಓದುವವರೇ ಇಲ್ಲದ ರಾತ್ರಿಗೆ ಇದನ್ನು ಇಟ್ಟುಕೊಳ್ಳಬಹುದು, ಪದ್ಧತಿಯನ್ನು ಇದರ ಮೇಲೆ ಕಟ್ಟಲಾಗದು.

ಹಬ್ಬಕ್ಕೆ ತಕ್ಕ ಹೊತ್ತು

ನಮ್ಮ ಕಡೆಯ ಹಬ್ಬಗಳಲ್ಲಿ ಸುಮ್ಮನೆ ಕೂರುವ ಹೊತ್ತು ಎಂಬುದು ಹೆಂಗಸರಿಗಂತೂ ಇರುವುದಿಲ್ಲ. ಕೈಗೆ ಕೆಲಸವಿದ್ದು ಕಿವಿಗೆ ಬಿಡುವಿರುವ ಹೊತ್ತು ಮಾತ್ರ ಧಾರಾಳವಾಗಿದೆ, ಓದು ನಿಲ್ಲಬೇಕಾದದ್ದೂ ಅಲ್ಲಿಯೇ. ದೀಪಾವಳಿಯ ಹೊತ್ತಿಗೆ ಅಡಿಕೆ ಕೊಯ್ಲು ಆರಂಭವಾಗಿರುತ್ತದೆ. ರಾತ್ರಿ ಊಟವಾದ ಮೇಲೆ ಅಂಗಳದಲ್ಲೋ ಜಗಲಿಯಲ್ಲೋ ಮೆಟ್ಟುಗತ್ತಿಗಳ ಸಾಲು, ಒಬ್ಬೊಬ್ಬರ ಪಕ್ಕದಲ್ಲೂ ಹಸಿ ಅಡಿಕೆಯ ರಾಶಿ, ಎದುರಿಗೆ ಬುಟ್ಟಿ. ಅಡಿಕೆ ಸೀಳುವ ಟಕ್ ಟಕ್ ಸದ್ದಿನ ಮೇಲೆ ಮನುಷ್ಯರ ದನಿ ಸಲೀಸಾಗಿ ಕೇಳುತ್ತದೆ. ಹಿಂದೆ ಇಲ್ಲಿ ಕಥೆ, ಒಗಟು, ಊರಿನ ಸುದ್ದಿ ಎಲ್ಲವೂ ನಡೆಯುತ್ತಿದ್ದವು. ಈ ಗುಂಪಿನಲ್ಲಿ ಕೈ ಬಿಡುವಾಗಿರುವವರು ಯಾರೆಂದರೆ, ಮೆಟ್ಟುಗತ್ತಿಯ ಹತ್ತಿರ ಸುಳಿಯಲು ಯಾರೂ ಬಿಡದ ಹತ್ತು ಹನ್ನೆರಡು ವರ್ಷದ ಮಗು. ಪುಸ್ತಕವನ್ನು ಆ ಮಗುವಿನ ಕೈಗೆ ಕೊಡಿ. ದೊಡ್ಡವರೆಲ್ಲ ತನ್ನ ಓದಿಗೆ ಕಾಯುತ್ತಿದ್ದಾರೆಂಬ ಹಮ್ಮಿನಲ್ಲಿ ಅದು ತಪ್ಪದೆ ಓದುತ್ತದೆ, ತಪ್ಪಿದರೆ ತಿದ್ದುವವರು ಸುತ್ತಲೂ ಇದ್ದೇ ಇರುತ್ತಾರೆ. ಇಲ್ಲಿಗೆ ಕಿಂದರಿಜೋಗಿ, ಬೇತಾಳ ಕಥೆ, ಪರಿಸರದ ಕತೆ ಹೊಂದುತ್ತವೆ. ಸುಲಿಯುವ ಯಂತ್ರ ತಂದ ಮನೆಗಳಲ್ಲಿ ಮಾತ್ರ ಅದರ ಗದ್ದಲದಲ್ಲಿ ಏನೂ ನಡೆಯದು. ಅವರು ಯಂತ್ರ ನಿಂತ ಮೇಲಿನ ಹೊತ್ತನ್ನು ನೋಡಿಕೊಳ್ಳಬೇಕು.

ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಬರುವ ರಾತ್ರಿ ಓದನ್ನು ಇಟ್ಟುಕೊಳ್ಳಬೇಡಿ. ಮಕ್ಕಳ ಕಿವಿ ಅಂಗಳದ ಕಡೆಗೇ ಇರುತ್ತದೆ, ಇರಬೇಕಾದದ್ದೂ ಅಲ್ಲಿಯೇ.

ಭೂಮಿ ಹುಣ್ಣಿಮೆಯದು ಅಡಿಕೆ ಸುಲಿಯುವ ರಾತ್ರಿಗೆ ಹತ್ತಿರದ ಸಂದರ್ಭ. ವಿಜಯದಶಮಿಯಾಗಿ ಐದು ದಿನಕ್ಕೆ ಬರುವ ಈ ಹಬ್ಬ ಸಾಮಾನ್ಯವಾಗಿ ದಸರಾ ರಜೆಯೊಳಗೇ ಬೀಳುತ್ತದೆ. ಸಾಗರ, ಸೊರಬದ ದೀವರ ಸಮುದಾಯದ ಮನೆಗಳಲ್ಲಿ ಪೂಜೆಯ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಚಿತ್ತಾರ ಬರೆಯುವ ಕೆಲಸ ಕೆಲವು ದಿನ ಮೊದಲೇ ಆರಂಭವಾಗುತ್ತದೆ. ಬರೆಯುವವರು ತಲೆ ಎತ್ತುವುದಿಲ್ಲ, ನೋಡುವ ಮಕ್ಕಳು ಅಲ್ಲಿಂದ ಏಳುವುದಿಲ್ಲ. ಆ ಹೊತ್ತಿಗೆ ಜನಪದ ಕಥೆಯೇ ಸರಿ, ಏಕೆಂದರೆ ನಡುವೆ ಒಬ್ಬರು ಎದ್ದುಹೋಗಿ ಬಂದರೂ ಎಳೆ ತಪ್ಪುವುದಿಲ್ಲ. ಹಬ್ಬದ ಹಿಂದಿನ ರಾತ್ರಿ ಹೆಂಗಸರು ಬೆಳಗಿನವರೆಗೆ ಅಡುಗೆ ಮಾಡುತ್ತಾರೆ, ಬೆಳಕು ಹರಿಯುವ ಮೊದಲು ಗದ್ದೆ ತೋಟಗಳಿಗೆ ಅಚ್ಚಂಬಲಿ ಎಂಬ ಎಡೆಯನ್ನು ಬೀರಲು ಹೋಗಬೇಕೆಂದು ಮಕ್ಕಳೂ ಮಲಗಲು ಒಪ್ಪುವುದಿಲ್ಲ. ಅವರನ್ನು ಒಲೆಯಿಂದ ದೂರ, ಒಂದೇ ಕಡೆ ಹಿಡಿದಿಡಲು ದನಿಯುಳ್ಳ ಒಬ್ಬರು ಗಂಡಸರು ಪುಸ್ತಕ ಹಿಡಿದು ಕೂತರೆ ಅಡುಗೆಮನೆಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಉದ್ದದ ಕಾವ್ಯಕ್ಕೆ ವರ್ಷದಲ್ಲಿ ಸಿಗುವ ಒಳ್ಳೆಯ ರಾತ್ರಿ ಇದು.

ನವರಾತ್ರಿಯಲ್ಲಿ ಒಂದು ತೊಡಕಿದೆ. ಸರಸ್ವತಿ ಪೂಜೆಗೆ ಪುಸ್ತಕಗಳನ್ನು ಇಟ್ಟ ಮೇಲೆ ವಿಜಯದಶಮಿಯವರೆಗೆ ಅವನ್ನು ತೆಗೆದು ಓದುವಂತಿಲ್ಲ. ಮಕ್ಕಳು ವರ್ಷವಿಡೀ ಮೆಚ್ಚುವ ಶಾಸ್ತ್ರ ಇದೊಂದೇ. ಆ ದಿನಗಳನ್ನು ಬಾಯಿಕಥೆಗೆ, ಒಗಟಿಗೆ ಬಿಡಿ. ಓದುವ ಪುಸ್ತಕವನ್ನೂ ಶಾಲೆಯ ಪುಸ್ತಕಗಳ ಜೊತೆಗೆ ಪೂಜೆಗಿಟ್ಟು, ದಶಮಿಯ ದಿನ ತೆಗೆದು ಮೊದಲ ಪುಟ ಓದಿದರೆ ಭೂಮಿ ಹುಣ್ಣಿಮೆಯವರೆಗಿನ ಓದಿಗೆ ಅದೇ ಆರಂಭವಾಗುತ್ತದೆ.

ಮಳೆ ರಜೆ ಹಬ್ಬವಲ್ಲ, ಆದರೆ ಉದ್ದದ ಗದ್ಯಕ್ಕೆ ಅದರಷ್ಟು ಒಗ್ಗುವ ರಜೆ ಇನ್ನೊಂದಿಲ್ಲ. ಜುಲೈ ತಿಂಗಳಲ್ಲಿ ಮಳೆ ಜೋರಾದಾಗ ತೀರ್ಥಹಳ್ಳಿ, ಹೊಸನಗರ, ಸಾಗರದ ಶಾಲೆಗಳಿಗೆ ಹಿಂದಿನ ರಾತ್ರಿಯೋ ಅಂದಿನ ಬೆಳಿಗ್ಗೆಯೋ ರಜೆ ಸಾರುತ್ತಾರೆ. ಮೊದಲೇ ಗೊತ್ತಿರದ ರಜೆಯಾದ್ದರಿಂದ ಯಾರ ಬಳಿಯೂ ಯೋಜನೆಯಿರುವುದಿಲ್ಲ, ಕರೆಂಟೂ ಸಾಮಾನ್ಯವಾಗಿ ಇರುವುದಿಲ್ಲ. ನೆಂಟರಿಷ್ಟರಿಲ್ಲದ ಕಾರಣ ಕೇಳುವವರು ಮನೆಯ ಒಂದೆರಡು ಮಕ್ಕಳು ಮಾತ್ರ, ಹಾಗಾಗಿ ವಯಸ್ಸಿಗೆ ಸರಿಯಾಗಿ ಪುಸ್ತಕ ಆರಿಸಬಹುದು. ಇಲ್ಲಿ ಜಾಗದ ಆಯ್ಕೆ ಪುಸ್ತಕದ ಆಯ್ಕೆಯಷ್ಟೇ ಮುಖ್ಯ. ತಗಡಿನ ಶೀಟು ಹೊದಿಸಿದ ಕಡೆ ಮಳೆಯ ಸದ್ದಿಗೆ ಎದುರಾಗಿ ಕೂಗಿ ಓದಿದರೆ ಹತ್ತು ನಿಮಿಷಕ್ಕೆ ಗಂಟಲು ಕೂರುತ್ತದೆ. ಹಂಚಿನ ಮಾಡಿನ ಕೆಳಗೆ ಅಟ್ಟವಿರುವ ಒಳಕೋಣೆಯೋ, ಬಚ್ಚಲ ಒಲೆಯ ಮುಂದಿನ ಜಾಗವೋ ಮೇಲು. ಬೆಳಕಿಗೆ ಎಮರ್ಜೆನ್ಸಿ ಲೈಟನ್ನು ಓದುವವರ ಹಿಂದೆ, ಹೆಗಲಿನ ಎತ್ತರದಲ್ಲಿ ಇಡಬೇಕು. ಒಂದು ಮಳೆಗಾಲಕ್ಕೆ ಒಂದೇ ಪುಸ್ತಕ ಸಾಕು, ಮತ್ತೆ ರಜೆ ಬಂದಾಗ ಬಿಟ್ಟಲ್ಲಿಂದ ಮುಂದುವರಿಸಬಹುದು. ಮಳೆ ಬರಲೆಂದು ಮಕ್ಕಳು ಹಾರೈಸುವುದಕ್ಕೆ ಅದೂ ಒಂದು ಕಾರಣವಾಗುತ್ತದೆ.

ಬೇಸಿಗೆ ರಜೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕಿ ಕಾಗೆ ಕಾಯಲು ಮಕ್ಕಳನ್ನು ಕೂರಿಸಿದಾಗ ದೊಡ್ಡ ಹುಡುಗಿ ಚಿಕ್ಕವರಿಗೆ ಏನನ್ನು ಓದಿ ಹೇಳಿದರೂ ನಡೆಯುತ್ತದೆ, ದೊಡ್ಡವರು ಅದರಲ್ಲಿ ತಲೆಹಾಕದಿದ್ದರೆ ಇನ್ನೂ ಚೆನ್ನಾಗಿ ನಡೆಯುತ್ತದೆ.

ಎರಡೇ ದಿನಕ್ಕೆ ಬರುವವರಿಗೆ

ದೀಪಾವಳಿಗೆ ರಾತ್ರಿ ಬಸ್ಸಿನಲ್ಲಿ ಬಂದು ಪಾಡ್ಯದ ರಾತ್ರಿಯೇ ಹಿಂದಿರುಗುವ ಸಂಸಾರಗಳು ಈಗ ಹೆಚ್ಚು. ಅವರು ಪ್ರತಿವರ್ಷ ಹೊಸ ಪುಸ್ತಕ ತರುವ ಬದಲು ಒಂದೇ ಸಣ್ಣ ಓದನ್ನು ಒಂದೇ ಹೊತ್ತಿಗೆ ಕಟ್ಟಿಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ. ಲಕ್ಷ್ಮೀಪೂಜೆಯ ಮಂಗಳಾರತಿಗೂ ಊಟದ ಎಲೆಗೂ ನಡುವೆ ಇಪ್ಪತ್ತು ನಿಮಿಷ ಎಲ್ಲ ಮನೆಗಳಲ್ಲೂ ಸಿಗುತ್ತದೆ, ಹಸಿದ ಮಕ್ಕಳು ಅಡುಗೆಮನೆಗೂ ಜಗಲಿಗೂ ಓಡಾಡುವ ಹೊತ್ತದು. ಅದೇ ಪದ್ಯ ಎರಡನೆಯ ವರ್ಷ ಬಂದಾಗ ಮಕ್ಕಳು ಸಾಲುಗಳನ್ನು ಗುರುತಿಸುತ್ತಾರೆ, ಮೂರನೆಯ ವರ್ಷ ತಾವೇ ಹೇಳುತ್ತಾರೆ, ಅಷ್ಟರಲ್ಲಿ ತೊಡೆಯ ಮೇಲಿದ್ದ ಕೂಸು ಕೇಳುವವರ ಸಾಲಿಗೆ ಬಂದಿರುತ್ತದೆ. ಹೊಸತನ ಬೇಕಾದರೆ ಅದನ್ನು ಮಳೆ ರಜೆಗೆ ಇಟ್ಟುಕೊಳ್ಳಲಿ. ಬರಲಾಗದ ವರ್ಷ ಅಜ್ಜ ವೀಡಿಯೊ ಕರೆಯಲ್ಲಿ ಓದಬಹುದು, ಆದರೆ ಉದ್ದದ್ದು ಬೇಡ. ಸಿಗ್ನಲ್ ಕಡಿದಾಗ ಮುರಿದ ಷಟ್ಪದಿಯನ್ನು ಮತ್ತೆ ಹಿಡಿಯುವುದು ಕಷ್ಟ, ಕಥೆಯನ್ನಾದರೆ ‘ಎಲ್ಲಿಗೆ ಬಂದಿದ್ದೆವು?’ ಎಂದು ಕೇಳಿ ಮುಂದುವರಿಸಬಹುದು.

ಪುಸ್ತಕಗಳು ಸಿಗುವ ಜಾಗದ ಬಗ್ಗೆ ಒಂದೆರಡು ಮಾತು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮ 2020ರ ಮಕ್ಕಳ ದಿನಾಚರಣೆಯಂದು ಆರಂಭವಾಯಿತು. ಊರಿನ ಮಕ್ಕಳ ಹೆಸರಿನಲ್ಲಿ ಪುಸ್ತಕ ತಂದು ಪೇಟೆಯಿಂದ ಬಂದವರೂ ಓದಬಹುದು. ಸಾಗರದ ಕಡೆಯವರಿಗೆ ಹೆಗ್ಗೋಡಿನ ಅಕ್ಷರ ಪ್ರಕಾಶನ ಹತ್ತಿರ. ಅಜ್ಜನೋ ಅಜ್ಜಿಯೋ ಓದುವವರಾದರೆ ಕೊಳ್ಳುವ ಮೊದಲು ಒಂದು ಪುಟವನ್ನು ಕೈಯಳತೆಯ ದೂರದಲ್ಲಿ ಹಿಡಿದು ಅಕ್ಷರದ ಗಾತ್ರ ನೋಡಿಕೊಳ್ಳಬೇಕು, ಕಾವ್ಯವಾದರೆ ಗದ್ಯಾನುವಾದ ಜೊತೆಗಿರುವ ಮುದ್ರಣವನ್ನೇ ಕೇಳಬೇಕು. ದಸರಾ ಸಾಲಿನಲ್ಲಿ ಗ್ರಂಥಾಲಯಗಳಿಗೂ ರಜೆ ಬರುವುದರಿಂದ ಎರವಲು ತರುವವರು ಮಹಾಲಯ ಅಮಾವಾಸ್ಯೆಗೆ ಮೊದಲೇ ಹೋಗಿ ಬರುವುದು ಒಳ್ಳೆಯದು.